ಮುಳಿಪದವಿನ ಓರೆ ರಸ್ತೆ

ನಿವೃತ್ತನಾದ ಎಂಜಿನಿಯರ್ ಎದುರಿಗೆ ಸಿಕ್ಕರೆ ಜನ ಕೇಳುವ ಮೊದಲ ಪ್ರಶ್ನೆ, ‘ನೀವು ಕಟ್ಟಿದ ಸೇತುವೆ ಯಾವುದು?’ ಎಂಬುದು. ನಾನು ಯಾವ ಸೇತುವೆಯನ್ನೂ ಕಟ್ಟಿಲ್ಲ. ಹೆದ್ದಾರಿಯ ಹತ್ತಿರ ನನ್ನನ್ನು ಯಾರೂ ಬಿಟ್ಟುಕೊಳ್ಳಲಿಲ್ಲ. ದೇರೆಬೈಲಿನಲ್ಲಿ ಬೆಳಗಿನ ವಾಕಿಂಗಿಗೆ ನನ್ನ ಜೊತೆ ಬರುವವರಲ್ಲಿ ಒಬ್ಬರು ಹಡಗುಗಳನ್ನು ಬಂದರಿನೊಳಗೆ ತಂದು ನಿಲ್ಲಿಸಿದವರು, ಇನ್ನೊಬ್ಬರು ಜನರ ಹೃದಯವನ್ನು ಬಿಚ್ಚಿ ಹೊಲಿದವರು. ಅಂಥವರ ನಡುವೆ ನನ್ನ ಸರದಿ ಬಂದಾಗ ನಾನು ಗಂಟಲು ಸರಿಮಾಡಿಕೊಂಡು ಹೇಳುತ್ತೇನೆ: “ನಾನು ನೆಟ್ಟಗಿದ್ದ ರಸ್ತೆಗಳನ್ನು ಓರೆ ಮಾಡಿದವನು.” ಹೃದಯದ ಡಾಕ್ಟರು ಒಮ್ಮೆ, “ಅದಕ್ಕೆ ಸಂಬಳ ಕೊಡ್ತಿದ್ರಾ ಮಾರಾಯ್ರೆ?” ಎಂದು ಕೇಳಿದರು. ಕೊಡುತ್ತಿದ್ದರು. ಈಗ ಪಿಂಚಣಿಯನ್ನೂ ಕೊಡುತ್ತಿದ್ದಾರೆ.

ಇಲಾಖೆಗೆ ಹೊಸತಾಗಿ ಸೇರುತ್ತಿರುವವರು ಓದಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಬಡ್ತಿಗಳ ಸಂಗತಿ ಇದರಲ್ಲಿ ಇಲ್ಲ. ಅವು ಬರುವಾಗ ಬಂದವು, ಬಾರದಿದ್ದಾಗ ಬರಲಿಲ್ಲ. ಎರಡರಿಂದಲೂ ಒಂದು ಬುಟ್ಟಿ ಮಣ್ಣು ಆಚೀಚೆ ಆಗಲಿಲ್ಲ. ನನ್ನ ಸೇವೆಯ ಹೆಚ್ಚಿನ ಭಾಗ ಕಳೆದದ್ದು ಡಾಂಬರು ಕಾಣದ ರಸ್ತೆಗಳ ಮೇಲೆ: ಗುಡ್ಡದ ತುದಿಯ ನೀರಿನ ಟ್ಯಾಂಕಿಗೆ ಹೋಗುವ ರಸ್ತೆ, ಕಲ್ಲುಕೋರೆಗೆ ಹೋಗಿ ಅಲ್ಲೇ ಮುಗಿಯುವ ರಸ್ತೆ, ಎಲ್ಲಿಗೂ ಹೋಗದಿದ್ದರೂ ನಕ್ಷೆಯಲ್ಲಿ ಇದೆಯೆಂಬ ಗೌರವಕ್ಕೆ ಪಾತ್ರವಾದ ರಸ್ತೆ.

ಈ ವಿದ್ಯೆಯನ್ನು ನನಗೆ ಕಲಿಸಿದವರು ನನ್ನ ಮೊದಲ ಮೇಲಧಿಕಾರಿ ಭಟ್ಟರು. ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಒಂದು ಗುಡ್ಡದ ರಸ್ತೆಯನ್ನು ಏಪ್ರಿಲಿನ ಬಿಸಿಲಿನಲ್ಲಿ ನೋಡಿ ಬಂದು, ‘ಸ್ಥಿತಿ ತೃಪ್ತಿಕರ’ ಎಂದು ವರದಿ ಕೊಟ್ಟೆ. ಅವರು ಅದನ್ನು ಓದಿ ಮಡಚಿ ನನಗೇ ಹಿಂದೆ ಕೊಟ್ಟರು. “ಬಿಸಿಲಲ್ಲಿ ರಸ್ತೆ ನೋಡುದೂಂದ್ರೆ ಮದುಮಗನ ಫೋಟೋ ನೋಡಿದ ಹಾಗೆ. ಎಲ್ಲ ಚಂದ ಉಂಟು. ಮಳೆ ಬರ್ಲಿ, ಗುಣ ಗೊತ್ತಾಗ್ತದೆ.”

ಜೂನಿನಲ್ಲಿ ಕೊಡೆ ಹಿಡಿದು ಅದೇ ರಸ್ತೆಗೆ ನನ್ನನ್ನು ಕರೆದುಕೊಂಡು ಹೋದರು. ತುದಿಯಲ್ಲಿ ಒಂದು ಹಲಸಿನ ಎಲೆ ಕಿತ್ತು ರಸ್ತೆಯ ನೀರಿನಲ್ಲಿ ಬಿಟ್ಟರು. “ಇದರ ಹಿಂದೆ ಹೋಗು” ಎಂದರು. ಎಲೆ ಮುಂದೆ, ನಾನು ಹಿಂದೆ, ನನ್ನ ಹಿಂದೆ ಭಟ್ಟರು. ದಿಬ್ಬಣದ ಹಾಗೆ ಗುಡ್ಡ ಇಳಿದೆವು. ಎಲೆ ರಸ್ತೆ ಬಿಟ್ಟು ಒಂದು ಗೇಣು ಆಚೆ ಹೋಗಲಿಲ್ಲ. ಕೊನೆಗೆ ಬುಡದಲ್ಲಿದ್ದ ಒಬ್ಬರ ದನದ ಕೊಟ್ಟಿಗೆಗೆ ಹೋಗಿ ನಿಂತಿತು. ಕೊಟ್ಟಿಗೆಯ ಯಜಮಾನರು ಹೊರಗೆ ಬಂದು ನಮ್ಮಿಬ್ಬರನ್ನೂ ಎಲೆಯನ್ನೂ ನೋಡಿದರು. ಭಟ್ಟರು ನನ್ನ ಕಡೆ ತಿರುಗಿ, “ತೃಪ್ತಿಕರ?” ಎಂದು ಕೇಳಿದರು.

ನಮ್ಮ ವೃತ್ತಿಯ ಸಾರ ಇಷ್ಟೇ. ನೀರು ರಸ್ತೆಯ ಮೇಲೆ ಉದ್ದಕ್ಕೆ ಓಡಬಾರದು, ಅಡ್ಡಕ್ಕೆ ದಾಟಬೇಕು. ಸ್ವಲ್ಪ ನೀರು ನಿಧಾನ ದಾಟಿದರೆ ಹುಲ್ಲಿಗೂ ಗೊತ್ತಾಗುವುದಿಲ್ಲ. ಅದೇ ನೀರು ಗುಡ್ಡದ ತುದಿಯಿಂದ ಜೊತೆಗಾರರನ್ನು ಸೇರಿಸಿಕೊಳ್ಳುತ್ತ ಬಂದರೆ ಬುಡದಲ್ಲಿ ಯಾರದೋ ಮನೆಗೆ ಮೆರವಣಿಗೆ ಬರುತ್ತದೆ. ಆದ್ದರಿಂದ ರಸ್ತೆಯನ್ನು ಇಳಿಜಾರಿನ ಹೊರಬದಿಗೆ ಸ್ವಲ್ಪ ಓರೆಯಾಗಿ ಕೆತ್ತಬೇಕು. ಅಲ್ಲಲ್ಲಿ ದೋಣಿಯ ಹೊಟ್ಟೆಯಂಥ ತಗ್ಗು ಮಾಡಿ ನೀರನ್ನು ಹೊರಗೆ ಕಳುಹಿಸಬೇಕು. ಹೇಳಲು ಎರಡು ವಾಕ್ಯ. ಮಾಡಲು ಹೋದಾಗ ಹೊರಬದಿಯಲ್ಲಿ ಒಬ್ಬರ ಜಾಗ ಇರುತ್ತದೆ, ಆ ಜಾಗಕ್ಕೆ ಒಬ್ಬ ಯಜಮಾನ ಇರುತ್ತಾನೆ. ನಮ್ಮ ಊರಿನಲ್ಲಿ ಮೇ ತಿಂಗಳ ಕೊನೆಗೆ ಪ್ರತಿ ಮನೆಯವರೂ ಗೇಟಿನ ಎದುರು ಮಣ್ಣಿನ ಸಣ್ಣ ದಂಡೆ ಕಟ್ಟುವುದನ್ನು ನೀವು ನೋಡಿರಬಹುದು. ರಸ್ತೆಯ ನೀರು ತಮ್ಮ ಅಂಗಳಕ್ಕೆ ಬಾರದೆ ಪಕ್ಕದವರ ಅಂಗಳಕ್ಕೆ ಹೋಗಲಿ ಎಂಬ ಸದಾಶಯ ಅದರ ಹಿಂದೆ ಇದೆ. ಪಕ್ಕದವರೂ ಕಟ್ಟಿರುತ್ತಾರೆ. ಹೀಗೆ ದಂಡೆಯಿಂದ ದಂಡೆಗೆ ಹೋಗುತ್ತ ನೀರು ಕಟ್ಟಕಡೆಯ ಮನೆಯನ್ನು ಹುಡುಕುತ್ತದೆ.

ಮುಳಿಪದವಿನಲ್ಲಿ ಆ ಕಟ್ಟಕಡೆಯ ಮನೆ ಇಬ್ರಾಹಿಮರದ್ದು.

ಮುಳಿಪದವು ನಗರದ ಅಂಚಿನ ಒಂದು ಕೆಂಪುಕಲ್ಲಿನ ಗುಡ್ಡ. ಹಿಂದೆ ಮನೆಗೆ ಹೊದಿಸುವ ಮುಳಿಹುಲ್ಲು ಅಲ್ಲಿ ಬೆಳೆಯುತ್ತಿತ್ತು. ಮನೆಗಳಿಗೆ ಹಂಚು ಬಂದ ಮೇಲೆ ಹುಲ್ಲನ್ನು ಕೇಳುವವರಿಲ್ಲದೆ ಸರಕಾರ ಇಳಿಜಾರಿನ ಮೇಲೆಲ್ಲ ಅಕೇಶಿಯಾ ನೆಟ್ಟಿತು. ಗುಡ್ಡದ ಹೊಟ್ಟೆಯ ಮೇಲೆ ಅಡ್ಡವಾಗಿ ಒಂದು ಮಣ್ಣಿನ ರಸ್ತೆ ತುದಿಯ ಟ್ಯಾಂಕಿಗೆ ಏರುತ್ತದೆ. ರಸ್ತೆಯ ಮೇಲ್ಬದಿ ಸರಕಾರಿ ಅಕೇಶಿಯಾ, ಕೆಳಬದಿ ಹೋಟೆಲಿನ ವಿಠಲ ಶೆಟ್ಟರ ಹಳೆಯ ಗೇರು ತೋಟ. ರಸ್ತೆ ಶುರುವಾಗುವ ಬುಡದಲ್ಲಿ ಒಂದು ಓಣಿ, ಓಣಿಯ ಬಾಯಲ್ಲಿ ಇಬ್ರಾಹಿಮರ ಅಂಗಡಿ, ಹಿಂದೆ ಅವರ ಮನೆ, ಮನೆಯ ಬದಿಯಲ್ಲಿ ಬಾವಿ. ನಳ್ಳಿಯ ನೀರು ಬಂದ ದಿನ ಬಂತು, ಇಲ್ಲದ ದಿನ ಇಲ್ಲ. ಆದ್ದರಿಂದ ಓಣಿಗೆಲ್ಲ ಕುಡಿಯಲು ಆ ಬಾವಿಯೇ.

ಒಂದು ಮಾರ್ಚಿನ ಮಧ್ಯಾಹ್ನ ಗುಡ್ಡಕ್ಕೆ ಬೆಂಕಿ ಬಿತ್ತು. ಹೇಗೆ ಬಿತ್ತೆಂದು ಎಲ್ಲರಿಗೂ ಗೊತ್ತು, ಪ್ರತಿಯೊಬ್ಬರಿಗೂ ಬೇರೆ ಬೇರೆ ಗೊತ್ತು. ಅಕೇಶಿಯಾದ ಒಣ ತರಗೆಲೆಗೆ ಕಡಲ ಗಾಳಿ ಸೇರಿ ಮೇಲ್ಬದಿ ಪೂರ್ತಿ ಸುಟ್ಟುಹೋಯಿತು. ರಸ್ತೆ ಅಡ್ಡ ಇದ್ದುದರಿಂದ ಗೇರು ತೋಟ ಉಳಿಯಿತು. ಬೆಂಕಿ ಆರಿದ ಮೇಲೆ ಅಗ್ನಿಶಾಮಕದವರು ಹೋದರು, ಪತ್ರಿಕೆಯವರು ಹೋದರು, ನೋಡಲು ಬಂದಿದ್ದ ಕಾಲೇಜಿನ ಹುಡುಗರು ಸೆಲ್ಫಿ ತೆಗೆದುಕೊಂಡು ಹೋದರು. ಆಮೇಲೆ ನಾನು ಹೋದೆ. ಆಗ ನಾನು ಆ ಭಾಗದ ರಸ್ತೆಗಳ ಉಸ್ತುವಾರಿಯಲ್ಲಿದ್ದೆ.

ಇಬ್ರಾಹಿಂ ಅಂಗಡಿಯಿಂದ ಇಳಿದು ಬಂದರು. ಗಲ್ಫಿನಲ್ಲಿ ಬಹಳ ವರ್ಷ ದುಡಿದು ಬಂದು ಈ ಮನೆ ಕಟ್ಟಿದವರು.

“ಸರ್, ಬೆಂಕಿ ಹೋಯ್ತಲ್ಲ, ಇನ್ನು ಎಂತದ್ದು ನೋಡ್ಲಿಕ್ಕೆ ಬಂದದ್ದು?”

“ನೀರು.”

ಅವರು ಆಕಾಶ ನೋಡಿದರು. ಮಾರ್ಚಿನ ಆಕಾಶ, ಒಂದು ಮೋಡ ಇರಲಿಲ್ಲ. ನಾನು ಕಪ್ಪಾದ ಇಳಿಜಾರು ತೋರಿಸಿ, ಮಳೆ ಬಿದ್ದರೆ ಅದನ್ನು ಹಿಡಿಯುವ ಎಲೆ, ಹುಲ್ಲು, ಬೇರು ಯಾವುದೂ ಈಗ ಇಲ್ಲ, ಎಲ್ಲ ರಸ್ತೆಗೆ ಬರುತ್ತದೆ, ರಸ್ತೆಯಿಂದ ನಿಮ್ಮಲ್ಲಿಗೆ ಬರುತ್ತದೆ, ಬೂದಿ ಮಣ್ಣು ಸಮೇತ ಬಾವಿಗೆ ಇಳಿಯುತ್ತದೆ ಎಂದು ಹೇಳಿದೆ. ಅವರು ಬಾವಿಯ ಕಡೆ ತಿರುಗಿ ನೋಡಿದರು.

“ಅಷ್ಟು ವರ್ಷ ಮರುಭೂಮಿಯಲ್ಲಿ ಇದ್ದೆ ಸರ್. ಅಲ್ಲಿ ನೀರಿಲ್ಲಾಂತ ಊರಿಗೆ ಬಂದದ್ದು. ಇಲ್ಲಿ ನೀರು ಬರ್ತದೇಂತ ಹೆದರ್ಬೇಕಾ?”

“ಹೆದರುದು ಬೇಡ. ರಸ್ತೆಯನ್ನು ಓರೆ ಮಾಡುವ.”

“ಯಾವ ಕಡೆಗೆ?”

ನಾನು ಗೇರು ತೋಟ ತೋರಿಸಿದೆ. ಇಬ್ರಾಹಿಂ ನಿಟ್ಟುಸಿರು ಬಿಟ್ಟು, “ಹಾಗಾದ್ರೆ ಹೆದರ್ತೇನೆ” ಎಂದರು.

ವಿಠಲ ಶೆಟ್ಟರು ಬಿಳಿ ಪಂಚೆ, ಬಿಳಿ ಅಂಗಿ, ಬಿಳಿ ಕಾರಿನ ಮನುಷ್ಯ. ಕಾರಿನಿಂದ ಇಳಿದು ನನ್ನ ಮಾತನ್ನೆಲ್ಲ ತಾಳ್ಮೆಯಿಂದ ಕೇಳಿ, “ನನ್ನ ಜಾಗಕ್ಕೆ ಸರಕಾರದ ನೀರು ಬೇಡ” ಎಂದರು.

“ಮಳೆ ಸರಕಾರದ್ದಲ್ಲ ಶೆಟ್ರೆ.”

“ರಸ್ತೆ ಸರಕಾರದ್ದು ತಾನೆ? ರಸ್ತೆ ಮೇಲೆ ಬಿದ್ದದ್ದು ಮತ್ತೆ ಯಾರದ್ದು? ಒಳಬದಿಯಲ್ಲಿ ಕಣಿ ಉಂಟಲ್ಲ, ಅದರಲ್ಲಿ ಕಳಿಸಿ.”

ಕಣಿ ಎಂದರೆ ರಸ್ತೆಯ ಒಳಬದಿಯ ಚರಂಡಿ. ಅದು ಇತ್ತು. ಅದರಲ್ಲಿ ಕಳುಹಿಸಿದರೆ ಗುಡ್ಡದ ನೀರೆಲ್ಲ ಒಟ್ಟಾಗಿ ಇಬ್ರಾಹಿಮರ ಬಾವಿಕಟ್ಟೆಗೆ ಬರುತ್ತದೆ ಎಂದೆ. ಅದು ತನಗೆ ಗೊತ್ತಿಲ್ಲದ ವಿಷಯ ಎಂದು ಅವರು ಹೇಳಲಿಲ್ಲ. ಬಾಯಿಯಲ್ಲಿ ವಾದ ಮಾಡಿ ಶೆಟ್ಟರ ಎದುರು ಗೆದ್ದವರು ಆ ಹೋಬಳಿಯಲ್ಲೇ ಇರಲಿಲ್ಲವಾದ್ದರಿಂದ ನಾನು ಅವರ ಡ್ರೈವರನ ಹತ್ತಿರ ನೀರಿನ ಬಾಟಲಿ ಕೇಳಿದೆ. ಮೇಲ್ಬದಿಯ ಸುಟ್ಟ ನೆಲದಲ್ಲಿ ಬೂದಿಯನ್ನು ಚಪ್ಪಲಿಯಿಂದ ಸರಿಸಿ ನೀರು ಹೊಯ್ದೆ. ಕೆಸುವಿನ ಎಲೆಯ ಮೇಲೆ ಬಿದ್ದ ಹಾಗೆ ನೀರು ಮಣಿಮಣಿಯಾಗಿ ನಿಂತು, ಉರುಳಿ, ರಸ್ತೆಗೆ ಬಂತು. ಎಲೆ, ಅಂಟು, ಎಣ್ಣೆಯೆಲ್ಲ ಉರಿದ ಹೊಗೆ ಮಣ್ಣಿನೊಳಗೆ ಇಳಿದು ಮೇಣದ ಹಾಗೆ ಕೂತುಬಿಡುತ್ತದೆ. ಅಂಥ ನೆಲಕ್ಕೆ ಸ್ವಲ್ಪ ಕಾಲ ನೀರು ಕುಡಿಯುವುದು ಮರೆತುಹೋಗುತ್ತದೆ. ಆಮೇಲೆ ಕೆಳಬದಿಗೆ ಇಳಿದು ಗೇರು ಮರದಡಿಯ ತರಗೆಲೆಯ ಮೇಲೆ ಉಳಿದ ನೀರು ಹೊಯ್ದೆ. ಸದ್ದಿಲ್ಲದೆ ಇಳಿದುಹೋಯಿತು.

ಶೆಟ್ಟರು ಎರಡೂ ಕಡೆ ಬಗ್ಗಿ ನೋಡಿದರು. “ಅಂದ್ರೆ ನನ್ನ ಜಾಗ ಕುಡೀತದೆ, ಸರಕಾರದ್ದು ಕುಡಿಯುದಿಲ್ಲ.”

“ಹೌದು.”

“ಹಾಗಾದ್ರೆ ಸರಕಾರದ್ದಕ್ಕೆ ಕುಡಿಯುದು ಕಲಿಸಿ. ನನ್ನದಕ್ಕೆ ಯಾಕೆ ತೊಂದರೆ?”

“ಕಲಿಸ್ತೇವೆ. ಸುಟ್ಟ ಕಾಂಡ ಅಡ್ಡ ಮಲಗಿಸ್ತೇವೆ, ತೆಂಗಿನ ಮಡಲು ಹಾಸ್ತೇವೆ. ಆದ್ರೆ ಕಲೀಲಿಕ್ಕೆ ಒಂದೆರಡು ಮಳೆಗಾಲ ಬೇಕು. ಅಷ್ಟರವರೆಗೆ ನಿಮ್ಮ ಸಹಾಯ.”

ಸಹಾಯ ಎಂಬ ಶಬ್ದ ಕೇಳಿ ಅವರ ಮುಖ ಸ್ವಲ್ಪ ಸಡಿಲಾಯಿತು. ದೊಡ್ಡ ಮನೆತನದವರನ್ನು ಹಕ್ಕಿನ ಮಾತಿನಿಂದ ಅಲ್ಲಾಡಿಸಲು ಆಗುವುದಿಲ್ಲ, ಸಹಾಯ ಕೇಳಿದರೆ ಅವರಿಗೇ ಇಕ್ಕಟ್ಟು. “ಈ ಮಳೆಗಾಲ ನೋಡುವ. ಒಂದು ಗೇರುಮರ ಅಲ್ಲಾಡಿದ್ರೂ ನಾನು ನಿಮ್ಮನ್ನು ಮತ್ತೆ ಕಾಣುದು ಕೋರ್ಟಿನಲ್ಲಿ” ಎಂದು ಹೇಳಿ ಕಾರು ಹತ್ತಿದರು. ಇದನ್ನು ನಾನು ಒಪ್ಪಿಗೆ ಎಂದು ಅರ್ಥ ಮಾಡಿಕೊಂಡೆ. ನಮ್ಮ ವೃತ್ತಿಯಲ್ಲಿ ಇದಕ್ಕಿಂತ ಸ್ಪಷ್ಟವಾದ ಒಪ್ಪಿಗೆ ಸಿಗುವುದು ಅಪರೂಪ.

ಕೆಲಸಕ್ಕೆ ಬಂದ ಜೆಸಿಬಿಯ ಆಪರೇಟರ್ ಜೆಪ್ಪುವಿನ ವಿನ್ಸೆಂಟ್. ಹಿಂದೆಲ್ಲ ಈ ಕೆಲಸಕ್ಕೆ ಹಾರೆ, ಬುಟ್ಟಿ ಹಿಡಿದು ಒಂದು ಊರೇ ಬರುತ್ತಿತ್ತು. ಅವರು ಕೆತ್ತಿದ ರಸ್ತೆ ಒರಟೊರಟಾಗಿ ಇರುತ್ತಿತ್ತು, ನೀರಿಗೆ ಎಲ್ಲಿ ಬೇಕಾದರೂ ದಾಟಲು ಸಂದು ಸಿಗುತ್ತಿತ್ತು. ಯಂತ್ರ ಬಂದ ಮೇಲೆ ಕೆಲಸ ಬೇಗ ಆಯಿತು, ಜೊತೆಗೆ ಚಂದ ಎಂಬ ಹೊಸ ಕಾಯಿಲೆ ಬಂತು. ವಿನ್ಸೆಂಟನಿಗೆ ಅದು ಜೋರಾಗಿಯೇ ಇತ್ತು. ಅವನು ಮಾಡಿದ ನೆಲದ ಮೇಲೆ ಕೇರಂ ಆಡಬಹುದು ಎಂದು ಅವನೇ ಹೇಳುತ್ತಿದ್ದ.

“ಎಂತ ಸರ್, ಓರೆ ಮಾಡುದಾ? ಜನ ನೋಡಿ ವಿನ್ಸೆಂಟ್ ಕುಡಿದು ಮಾಡಿದ್ದೂಂತ ಹೇಳ್ತಾರೆ.”

“ನಾನು ಹೇಳಿ ಮಾಡಿಸಿದ್ದೂಂತ ಹೇಳು.”

“ಹಾಗಾದ್ರೆ ಇಬ್ರೂ ಕುಡಿದಿದ್ರೂಂತ ಹೇಳ್ತಾರೆ.”

ಓರೆ ಮಾಡಿದ. ಒಳಬದಿಯ ಕಣಿ ಮುಚ್ಚಿದ. ತಗ್ಗುಗಳನ್ನೂ ಮಾಡಿದ. ಸಂಜೆ ನೋಡಿದರೆ ಹೊರಬದಿಯ ಅಂಚಿನ ಉದ್ದಕ್ಕೂ ನಯವಾದ ಒಂದು ಮಣ್ಣಿನ ಏರು ನಿಂತಿತ್ತು. ಬ್ಲೇಡಿನ ತುದಿಯಿಂದ ಸರಿದ ಮಣ್ಣನ್ನು ಬಕೆಟಿನ ಬೆನ್ನಿನಿಂದ ತಟ್ಟಿ ತಟ್ಟಿ ಕೂರಿಸಿದ್ದ. ನೀರು ಹೊರಗೆ ಹೋಗಲೆಂದು ರಸ್ತೆ ಓರೆ ಮಾಡಿ, ಹೋಗದಂತೆ ಅಂಚಿಗೆ ಗೋಡೆ ಕಟ್ಟಿದ ಹಾಗಾಯಿತು. ತೆಗೆಯಲು ಹೇಳಿದೆ. ಅವನಿಗೆ ನಿಜವಾಗಿ ಬೇಸರವಾಯಿತು.

“ಅಂಚು ಇಲ್ಲದಿದ್ರೆ ಅದನ್ನು ಸೀರೆ ಅಂತ ಹೇಳ್ತಾರಾ ಸರ್?”

ಹೊಸತಾಗಿ ಸೇರುವವರು ಈ ಮಾತನ್ನು ನೆನಪಿಟ್ಟುಕೊಳ್ಳಬೇಕು. ನೀವು ಎಷ್ಟೇ ನಕ್ಷೆ ಬರೆಯಿರಿ, ಕೆಲಸದ ಕೊನೆಗೆ ಒಬ್ಬ ಸಜ್ಜನ ಬಂದು ಅಂಚನ್ನು ಚಂದ ಮಾಡುತ್ತಾನೆ. ಸಂಜೆಯ ಚಹಾ ಕುಡಿಯದೆ ನೀವು ಅಲ್ಲೇ ನಿಂತಿರಬೇಕು. ವಿನ್ಸೆಂಟ್ ಏರನ್ನು ಬಿಡಿಸಿದ. ತಗ್ಗುಗಳ ಬಾಯಲ್ಲಿ ಒಡ್ಡೊಡ್ಡು ಕಲ್ಲುಗಳನ್ನೂ ಸುಟ್ಟ ಕೊಂಬೆಗಳನ್ನೂ ಹರಡಿದೆವು, ನೀರು ಅಲ್ಲಿ ಎಡವಿ ಬಿದ್ದು ಚೆದುರಿ ತೋಟಕ್ಕೆ ಹೋಗಲಿ ಎಂದು. ಇಬ್ರಾಹಿಂ ದಿನಕ್ಕೊಮ್ಮೆ ಬಂದು, ತಲೆ ಓರೆ ಮಾಡಿ ರಸ್ತೆ ನೋಡಿ, “ಆಯ್ತು, ಬಾವಿಗೆ ಈಗ ಸ್ವಲ್ಪ ಧೈರ್ಯ ಬಂತು” ಎಂದು ಹೇಳಿ ಹೋಗುತ್ತಿದ್ದರು.

ಇನ್ನು ಮಳೆ ಬಂದರೆ ಬರಲಿ ಎಂದು ನಾವು ಕೈತೊಳೆದುಕೊಳ್ಳುವಷ್ಟರಲ್ಲಿ ಮಳೆಗಿಂತ ಮೊದಲು ದೊಡ್ಡ ಸಾಹೇಬರು ಬಂದರು. ಆಗಷ್ಟೇ ವರ್ಗವಾಗಿ ಬಂದಿದ್ದ ನಮ್ಮ ಮೇಲಧಿಕಾರಿ, ಬಯಲುಸೀಮೆಯವರು. ಒಳ್ಳೆಯ ಮನುಷ್ಯ. ಆದರೆ ಅವರ ಅನುಭವದಲ್ಲಿ ಮಳೆ ಎಂದರೆ ಪೂಜೆ ಮಾಡಿ ಬರಮಾಡಿಕೊಳ್ಳುವ ಅತಿಥಿ. ಇಲ್ಲಿಯ ಹಾಗೆ ನಾಲ್ಕು ತಿಂಗಳು ಮನೆಯಲ್ಲೇ ಉಳಿಯುವ ನೆಂಟನಲ್ಲ. ಕಾರು ರಸ್ತೆ ಏರುವಾಗ ಅವರು ಮೇಲಿನ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.

“ಏನ್ರೀ ಇದು, ರಸ್ತೆ ಆ ಕಡೆಗೆ ವಾಲಿದೆ?”

“ವಾಲಿಸಿದ್ದು ಸರ್.”

“ಯಾರು?”

“ನಾವೇ ಸರ್.”

ಅವರು ನನ್ನನ್ನು ಕರುಣೆಯಿಂದ ನೋಡಿದರು. ಸುಟ್ಟ ಗುಡ್ಡದ ಮೇಲೆ ಗಿಡ ನೆಡಲು ಗಣ್ಯರೊಬ್ಬರು ಬರುವವರಿದ್ದರು. ಅವರ ಕಾರು ಜಾರಿ ಗೇರು ತೋಟಕ್ಕೆ ಹೋದರೆ ಗತಿ ಏನು ಎಂಬುದು ಸಾಹೇಬರ ಚಿಂತೆ. ಹೊರಬದಿಯ ಉದ್ದಕ್ಕೂ ಕೆಂಪುಕಲ್ಲು ಜೋಡಿಸಿ, ಸುಣ್ಣ ಬಳಿಯಲು ಆಜ್ಞೆಯಾಯಿತು. ನೀರಿನ ವಿಷಯ ನಾನು ಅಲ್ಲೇ ಹೇಳಿದೆ, ಮರುದಿನ ಬರೆದೂ ಕೊಟ್ಟೆ. ‘ಮಳೆಗಾಲ ಮುಗಿದ ನಂತರ ಪರಿಶೀಲಿಸಲಾಗುವುದು’ ಎಂಬ ಉತ್ತರ ಬಂತು.

ಕಲ್ಲು ಜೋಡಿಸುವ ಭಾಗ್ಯ ವಿನ್ಸೆಂಟನಿಗೇ ಬಂತು. ಅಂಚು ಕಳೆದುಕೊಂಡಿದ್ದ ಅವನಿಗೆ ದೇವರೇ ಅಂಚು ಹಿಂದೆ ಕೊಟ್ಟ ಹಾಗಾಯಿತು. ಕಲ್ಲಿಗೆ ಕಲ್ಲು ತಾಗಿಸಿ, ಸಂದಿಗೆಲ್ಲ ಮಣ್ಣು ಮೆತ್ತಿ, ದಾರ ಹಿಡಿದು ನೆಟ್ಟಗೆ ನಿಲ್ಲಿಸಿದ. ಸುಣ್ಣ ಬಳಿದ ಮೇಲೆ ಮುಳಿಪದವಿಗೆ ಯಾರೋ ಹಲ್ಲು ಕಟ್ಟಿಸಿದ ಹಾಗೆ ಕಂಡಿತು. ಗಣ್ಯರು ಬಂದರು, ಜಾರಲಿಲ್ಲ, ಗಿಡ ನೆಟ್ಟರು. ಆ ಗಿಡದ ಮುಂದಿನ ಚರಿತ್ರೆ ಒಂದು ಆಡಿಗೆ ಮಾತ್ರ ಗೊತ್ತು. ಶೆಟ್ಟರು ಕಾರು ನಿಲ್ಲಿಸಿ ಕಲ್ಲುಗಳನ್ನು ಉದ್ದಕ್ಕೂ ನೋಡಿಕೊಂಡು ಹೋದರು. ತಮ್ಮ ಜಾಗಕ್ಕೆ ಇನ್ನು ಒಂದು ಹನಿಯೂ ಬರುವುದಿಲ್ಲ ಎಂದು ಅವರಿಗೆ ನನಗಿಂತ ಮೊದಲೇ ಗೊತ್ತಾಗಿತ್ತು. ಕಲ್ಲು ಇಡಿ ಎಂದು ಅವರು ಕೇಳಿರಲಿಲ್ಲ. ಬೇಡ ಎನ್ನುವ ಅಗತ್ಯವೂ ಅವರಿಗೆ ಕಾಣಲಿಲ್ಲ.

ಇಬ್ರಾಹಿಂ ಮಾತ್ರ ಕಲ್ಲಿನ ಸಾಲು ನೋಡಿ, “ಸರ್, ಇದು ಅಂಗಡಿಗೆ ಬಾಗಿಲು ಇಟ್ಟು ಬಾಗಿಲಿಗೆ ಗೋಡೆ ಕಟ್ಟಿದ ಹಾಗೆ ಆಯ್ತಲ್ಲ” ಎಂದರು. ನನ್ನ ಹತ್ತಿರ ಇದ್ದದ್ದು ಸಾಹೇಬರ ಉತ್ತರ.

ಮೇ ತಿಂಗಳ ಕೊನೆಯ ಒಂದು ಮಧ್ಯಾಹ್ನ ಕಡಲಿನ ಕಡೆಯಿಂದ ಕತ್ತಲೆ ಕವಿದು ಮೊದಲ ಮಳೆ ಇಳಿಯಿತು. ಗುಡುಗಿನ ನಡುವೆ ಇಬ್ರಾಹಿಮರ ಫೋನು. “ಸರ್, ಬರ್ತಾ ಉಂಟು. ಕಪ್ಪು ನೀರು.” ಹಿಂದಿನಿಂದ ಅವರ ಹೆಂಡತಿ ನಫೀಸಾ, “ಫೋನು ಆಮೇಲೆ ಮಾಡಿ, ಚೀಲ ಹಿಡೀರಿ!” ಎಂದು ಕೂಗುವುದು ಕೇಳುತ್ತಿತ್ತು.

ವಿನ್ಸೆಂಟ್ ಅವತ್ತು ನಮ್ಮ ಆಫೀಸಿಗೆ ಬಿಲ್ಲಿನ ಸಹಿಗೆ ಬಂದಿದ್ದ. ಅವನನ್ನೂ ಜೀಪಿಗೆ ಹತ್ತಿಸಿಕೊಂಡು ಹೋದೆ. ಗುಡ್ಡದ ನೀರು ರಸ್ತೆಗೆ ಬಂದು, ನಾವು ಮಾಡಿದ ಓರೆಯಲ್ಲಿ ವಿಧೇಯವಾಗಿ ಹೊರಬದಿಗೆ ಹೋಗಿ, ಬಿಳಿಯ ಕಲ್ಲಿನ ಸಾಲಿಗೆ ತಾಗಿ, ಅಲ್ಲಿಂದ ಸಾಲಿನ ಬದಿಯಲ್ಲೇ ಕೆಳಗೆ ಓಡುತ್ತಿತ್ತು. ತಗ್ಗುಗಳು ತುಂಬಿ ಮುಂದಕ್ಕೆ ಚೆಲ್ಲುತ್ತಿದ್ದವು. ಓಣಿಯ ಬಾಯಲ್ಲಿ ಇಬ್ರಾಹಿಮರೂ ನಫೀಸಾ ಅವರೂ ಬಾವಿಕಟ್ಟೆಯ ಸುತ್ತ ಮರಳು ತುಂಬಿದ ಗೋಣಿಚೀಲ ಪೇರಿಸುತ್ತಿದ್ದರು. ಮೊದಲ ಸಾಲಿನ ಅರ್ಧಕ್ಕೆ ನೀರು ಬಂದಿತ್ತು. ಓಣಿಯ ಹೆಂಗಸರು ಬಾವಿಯ ನೀರು ಕೆಡುವ ಮೊದಲು ಸಿಕ್ಕಷ್ಟು ಸಿಗಲಿ ಎಂದು ಕೊಡಪಾನ ಹಿಡಿದು ಸೇದಲು ನಿಂತಿದ್ದರು.

ನಾನು ಸಾಹೇಬರಿಗೆ ಫೋನು ಮಾಡಿದೆ. ಅವರು ಸಭೆಯಲ್ಲಿದ್ದರು. “ವರದಿ ಕಳ್ಸಿ, ನೋಡೋಣ” ಎಂದರು. ಸುಣ್ಣ ಬಳಿದ ಕಲ್ಲು ಇಲಾಖೆಯ ಸ್ವತ್ತು. ಅದನ್ನು ಕೀಳುವ ಅಧಿಕಾರ ನನ್ನ ಹುದ್ದೆಗೆ ಇರಲಿಲ್ಲ. ಹುದ್ದೆಗೆ ಇಲ್ಲದಿದ್ದರೆ ಕೈಗೆ ಇದೆಯಲ್ಲ ಎಂದು ಪ್ಯಾಂಟು ಮಡಚಿದೆ. ಬಗ್ಗುವಾಗಲೇ ಮನಸ್ಸಿನಲ್ಲಿ ವಿವರಣೆಯ ಮೊದಲ ವಾಕ್ಯ ರಚನೆಯಾಗುತ್ತಿತ್ತು ಎಂಬುದು ಇಲಾಖೆ ನನಗೆ ಕೊಟ್ಟ ಸಂಸ್ಕಾರ.

ಅಷ್ಟರಲ್ಲಿ ಬಿಳಿ ಕಾರು ಬಂದು ನಿಂತಿತು. ಶೆಟ್ಟರು ಕೊಡೆ ಬಿಚ್ಚಿ ಇಳಿದರು. ತಮ್ಮ ಗೇರು ತೋಟ ನೋಡಿದರು. ರಸ್ತೆಯ ಒಂದು ಹನಿಯೂ ತಾಗದೆ ನಿರಾಳವಾಗಿ ಇತ್ತು. ಓಣಿ ನೋಡಿದರು. ಇಬ್ರಾಹಿಂ ಒಮ್ಮೆ ತಲೆ ಎತ್ತಿ ಶೆಟ್ಟರನ್ನು ಕಂಡು, ಇನ್ನೊಂದು ಚೀಲ ಎತ್ತಿದರು.

ಶೆಟ್ಟರು ನನ್ನ ಹತ್ತಿರ ಬಂದರು. “ದಾನೆ ಮಾರಾಯ್ರೆ, ಎಂತ ಬಗ್ಗಿ ಹುಡುಕುದು?”

“ಕಲ್ಲು ತೆಗೀಲಿಕ್ಕೆ ಶೆಟ್ರೆ.”

“ಆರ್ಡರ್ ಉಂಟಾ?”

“ಇಲ್ಲ.”

“ಮತ್ತೆ? ಕೆಲಸ ಹೋದ್ರೆ?”

ನಾನು ಉತ್ತರ ಕೊಡುವ ಮೊದಲು ಅವರು ಕೊಡೆಯ ತುದಿಯಿಂದ ತೋಟದಂಚಿನ ಹುಲ್ಲನ್ನು ಕೆದಕಿದರು. ಅಲ್ಲಿ ಒಂದು ಹಳೆಯ ಗಡಿಕಲ್ಲು ತಲೆ ಎತ್ತಿತ್ತು. ಅದರಿಂದ ಮುಂದಿನದಕ್ಕೆ ಕಣ್ಣಿನಲ್ಲೇ ದಾರ ಎಳೆದರು. ಬಿಳಿ ಕಲ್ಲಿನ ಸಾಲು ಆ ದಾರದಿಂದ ಒಂದು ಗೇಣು ಒಳಗೆ, ಶೆಟ್ಟರ ಜಾಗದಲ್ಲಿ ನಿಂತಿತ್ತು. ವಿನ್ಸೆಂಟ್ ಸಾಲು ನೆಟ್ಟಗೆ ಬರಲೆಂದು ರಸ್ತೆಯ ವಕ್ರವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

“ಯಾರು ಇಟ್ಟದ್ದು?”

ವಿನ್ಸೆಂಟ್ ಜೀಪಿನ ಹಿಂದೆ ಹೋದ.

“ನನ್ನ ಜಾಗದಲ್ಲಿರುವ ಕಲ್ಲು ತೆಗೀಲಿಕ್ಕೆ ನನಗೆ ಯಾರ ಆರ್ಡರ್ ಬೇಕು?” ಎಂದು ಶೆಟ್ಟರು ಗುಡ್ಡಕ್ಕೇ ಕೇಳಿದ ಹಾಗೆ ಕೇಳಿದರು. ಕೊಡೆಯನ್ನು ನನ್ನ ಕೈಗೆ ಕೊಟ್ಟು ಬಿಳಿ ಪಂಚೆಯನ್ನು ಮೊಣಕಾಲಿನ ಮೇಲೆ ಕಟ್ಟಿ, ತಗ್ಗಿನ ಬಾಯಲ್ಲಿದ್ದ ಮೊದಲ ಕಲ್ಲನ್ನು ಎರಡೂ ಕೈಯಿಂದ ಅಲ್ಲಾಡಿಸಿ ಕಿತ್ತರು. ಕಪ್ಪು ನೀರು ಅವರ ಕಾಲ ನಡುವಿನಿಂದ ಗೇರು ತೋಟಕ್ಕೆ ನುಗ್ಗಿತು. ಎರಡನೆಯದಕ್ಕೆ ನಾನು ಕೈ ಹಾಕಿದೆ; ಖಾಸಗಿ ಜಾಗದಲ್ಲಿ ಮಾಲೀಕರ ಸಮ್ಮುಖದಲ್ಲಿ ಮಾಡಿದ ಸೇವೆಗೆ ವಿವರಣೆ ಬೇಕಿರಲಿಲ್ಲ. ವಿನ್ಸೆಂಟ್ ಜೀಪಿನ ಹಿಂದಿನಿಂದ ಹಾರೆ ಹಿಡಿದು ಬಂದ. ತಾನೇ ಮೆತ್ತಿದ ಸಂದುಗಳನ್ನು ಮೀಟುವಾಗ ಅವನ ಮುಖ ನೋಡುವ ಹಾಗಿರಲಿಲ್ಲ. ಓಣಿಯಿಂದ ನಾಲ್ಕಾರು ಜನ ಪಿಕಾಸು ಹಿಡಿದು ಓಡಿಬಂದರು. ಒಂದೊಂದು ತಗ್ಗಿನ ಬಾಯಿ ತೆರೆದ ಹಾಗೆ ರಸ್ತೆಯ ನೀರು ಅಲ್ಲಲ್ಲೇ ಕಲ್ಲಿಗೆ ಕೊಂಬೆಗೆ ಎಡವಿ, ಚೆದುರಿ, ಗೇರಿನ ತರಗೆಲೆಯ ಅಡಿಗೆ ಹೋಗಿ ಕಾಣದಾಯಿತು. ಓಣಿಗೆ ಬರುತ್ತಿದ್ದ ಹೊಳೆ ತೋಡಾಗಿ, ತೋಡು ಗೆರೆಯಾಗಿ, ಗೋಣಿಚೀಲದ ಮೊದಲ ಸಾಲಿನ ಬುಡಕ್ಕೆ ಇಳಿಯಿತು.

ಮಳೆ ನಿಂತ ಮೇಲೆ ನಫೀಸಾ ಬಾವಿಯಿಂದ ಒಂದು ಕೊಡಪಾನ ಸೇದಿ, ಬಗ್ಗಿ ನೋಡಿ, ಮೊದಲ ಲೋಟ ಶೆಟ್ಟರಿಗೆ ಕೊಟ್ಟರು. ಶೆಟ್ಟರು ಕುಡಿದು ಲೋಟ ಹಿಂದೆ ಕೊಟ್ಟು ಇಬ್ರಾಹಿಮರ ಕಡೆ ತಿರುಗಿದರು. ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು.

“ಅಲ್ಲ ಇಬ್ರಾಯಿ, ನಿನಗೆ ಬಾಯಿ ಇಲ್ವಾ? ನನ್ನ ಹತ್ರ ಒಂದು ಮಾತು ಕೇಳ್ಲಿಕ್ಕೆ ಆಗ್ಲಿಲ್ವಾ?”

“ಕೇಳ್ಬಹುದಿತ್ತು ಶೆಟ್ರೆ. ನೀವು ಆಗುದಿಲ್ಲಾಂತ ಹೇಳಿದ್ರೆ? ನಾಳ್ದು ನೀವು ನನ್ನ ಅಂಗಡಿ ಎದುರೇ ಹೋಗುದಲ್ವಾ. ಮುಖ ಹೇಗೆ ನೋಡುದು?”

ಶೆಟ್ಟರು ಕೆಸರಾದ ಪಂಚೆಯನ್ನು ಒಮ್ಮೆ ನೋಡಿಕೊಂಡು, ಅಂಗಡಿಯಿಂದ ಒಂದು ಕಟ್ಟು ಬೀಡಿ ಕೊಂಡರು. ಅವರು ಬೀಡಿ ಸೇದುವವರಲ್ಲ.

ದೊಡ್ಡ ಸಾಹೇಬರು ಮರುವಾರ ಕಲ್ಲುಗಳು ಎಲ್ಲಿ ಎಂದು ಕೇಳಿದರು. ಖಾಸಗಿ ಜಾಗದಲ್ಲಿ ಇಟ್ಟಿದ್ದ ಕಲ್ಲುಗಳನ್ನು ಜಾಗದ ಮಾಲೀಕರು ತೆರವು ಮಾಡಿದ್ದಾರೆ ಎಂದು ವಿನಯದಿಂದ ಅರಿಕೆ ಮಾಡಿದೆ. ಅವರು ಸ್ವಲ್ಪ ಯೋಚಿಸಿ, “ಅಂದ್ರೆ ಅತಿಕ್ರಮಣ ಆಗಿತ್ತಾ?” ಎಂದರು. “ನಮ್ಮದೇ ಸರ್” ಎಂದೆ. ಜುಲೈಯಲ್ಲಿ ಅವರು ತಾವಾಗಿಯೇ ಕೊಡೆ ಹಿಡಿದು ಮುಳಿಪದವಿಗೆ ಬಂದರು. ರಸ್ತೆಯ ಮೇಲೆ ಬಹಳ ಹೊತ್ತು ನಿಂತು, ಬೂಟಿನ ಬಳಿಯಿಂದ ನೀರು ಅಡ್ಡ ದಾಟುವುದನ್ನು ನೋಡಿದರು. “ಇಷ್ಟೊಂದು ಸುರಿಯುತ್ತೇನ್ರೀ ಇಲ್ಲಿ?” ಎಂದು ಕೇಳಿದರು. ಆಮೇಲೆ ಅವರು ಇರುವಷ್ಟು ಕಾಲ ಮಣ್ಣಿನ ರಸ್ತೆಗೆ ಅಂಚುಗಲ್ಲು ಇಡಿಸಲಿಲ್ಲ. ಹೊಸ ಊರಿನ ಮಳೆಯನ್ನು ನಿಂತು ನೋಡಿದ ಮೇಲಧಿಕಾರಿಗಳು ನನಗೆ ಸಿಕ್ಕಿದ್ದು ಕೆಲವರೇ. ಅವರನ್ನು ಆ ಕೆಲವರಲ್ಲಿ ಸೇರಿಸುತ್ತೇನೆ.

ಗುಡ್ಡ ಹಸುರಾಯಿತು. ನಾನು ನಿವೃತ್ತನಾದೆ. ಈಗ ನಮ್ಮ ಊರಿನಲ್ಲಿ ನಿಂತಿದ್ದರೆ ಮನುಷ್ಯರಿಗೂ ಕಾಂಕ್ರೀಟು ಹಾಕುವ ಕಾಲ. ಮುಳಿಪದವಿನ ರಸ್ತೆಯ ಸರದಿಯೂ ಬಂತು. ಕಳೆದ ತಿಂಗಳು ಆ ಕೆಲಸ ನೋಡಿಕೊಳ್ಳುವ ಹೊಸ ಎಂಜಿನಿಯರ್, ಇನ್ನೂ ಹೆಲ್ಮೆಟಿನ ಹೊಳಪು ಹೋಗದ ಹುಡುಗಿ, ನನ್ನ ಮನೆ ಹುಡುಕಿಕೊಂಡು ಬಂದಳು. ಮೊಬೈಲಿನಲ್ಲಿ ನಕ್ಷೆ ತೋರಿಸಿದಳು. ಡ್ರೋನಿನಲ್ಲಿ ಅಳೆದದ್ದಂತೆ, ಬಹಳ ಚಂದ ಇತ್ತು. ಡ್ರೋನು ಮಳೆಯಲ್ಲಿ ಹಾರುವುದಿಲ್ಲ ಎಂಬ ಮಾತನ್ನು ನಾನು ನುಂಗಿಕೊಂಡೆ. ನಕ್ಷೆಯಲ್ಲಿ ರಸ್ತೆ ಮಟ್ಟವಾಗಿತ್ತು, ಎರಡೂ ಬದಿಗೆ ಅಂಚುಗೋಡೆ, ಒಳಬದಿಯಲ್ಲಿ ಚರಂಡಿ.

“ಕೆಲಸ ನಿಂತಿದೆ ಸರ್. ನನಗೆ ಅರ್ಥವೇ ಆಗ್ತಾ ಇಲ್ಲ. ಎಲ್ಲ ಕಡೆ ಜನ ‘ನನ್ನ ಜಾಗಕ್ಕೆ ನೀರು ಬಿಡ್ಬೇಡಿ’ ಅಂತ ಜಗಳ ಮಾಡುದು. ಇಲ್ಲಿ ಒಬ್ರು ಶೆಟ್ರು ಮಿಕ್ಸರ್ ಎದುರು ಕುರ್ಚಿ ಹಾಕಿ ಕೂತಿದ್ದಾರೆ. ನೀರು ಅವರ ತೋಟಕ್ಕೇ ಬರ್ಬೇಕಂತೆ. ಇಲ್ಲದಿದ್ರೆ ಏಳುದಿಲ್ಲಾಂತೆ.”

“ಕಾರಣ ಎಂತ ಹೇಳಿದ್ರು?”

“ತೋಟದ ಬಾವಿ ಈಗ ಬೇಸಿಗೆಯಲ್ಲಿ ಬತ್ತುದಿಲ್ಲಂತೆ. ಅದು ತನ್ನ ನೀರಂತೆ. ನಿಮ್ಮ ಡ್ರೋನಿಗೆ ಕೇಳಿ, ಯಾರದ್ದೂಂತ ಹೇಳ್ತದೆ ಅಂತಾರೆ.”

ಒಳ್ಳೆಯ ಮಳೆಗಾಲಗಳು ಬಂದದ್ದರಿಂದಲೂ ಬಾವಿ ಬತ್ತದೆ ಇರಬಹುದು. ಎಲ್ಲ ಕೀರ್ತಿಯನ್ನೂ ಓರೆ ರಸ್ತೆಗೆ ಕೊಡಲು ನಾನು ಸಿದ್ಧನಿಲ್ಲ. ಆದರೆ ಅವಳ ಮೊಬೈಲಿನಲ್ಲಿ ಒಳಬದಿಯ ಚರಂಡಿಯ ಗೆರೆ ಕೆಳಗೆ ಎಲ್ಲಿಗೆ ಹೋಗಿ ಮುಗಿಯುತ್ತದೆ ಎಂದು ಬೆರಳಿಟ್ಟು ತೋರಿಸಿದೆ. ಅಲ್ಲಿ ಒಂದು ಸಣ್ಣ ಸೊನ್ನೆ ಇತ್ತು. ಡ್ರೋನು ಇಬ್ರಾಹಿಮರ ಬಾವಿಯನ್ನು ಸರಿಯಾಗಿಯೇ ಗುರುತಿಸಿತ್ತು. ಅವಳು ಹುಬ್ಬು ಗಂಟಿಕ್ಕಿ ಸ್ವಲ್ಪ ಹೊತ್ತು ನೋಡಿ, ಚರಂಡಿಯನ್ನೂ ಹೊರಬದಿಯ ಅಂಚುಗೋಡೆಯನ್ನೂ ಬೆರಳಿನಲ್ಲೇ ಅಳಿಸಿದಳು.

“ಕಾಂಕ್ರೀಟನ್ನೂ ಓರೆ ಮಾಡ್ಬಹುದಾ ಸರ್?”

“ಮಾಡ್ಬಹುದು. ಒದ್ದೆ ಇರುವಾಗ.”

ಹೊರಡುವಾಗ ನಾನು ಕೇಳಿದೆ: “ಶೆಟ್ರಿಗೆ ವಯಸ್ಸಾಯ್ತು. ದಿನವಿಡೀ ಬಿಸಿಲಲ್ಲಿ ಕೂರ್ತಾರಾ? ಕುರ್ಚಿ ಎಲ್ಲಿಂದ ತಂದದ್ದು?”

“ಎದುರಿನ ಅಂಗಡಿಯ ಇಬ್ರಾಹಿಮರದ್ದು ಸರ್” ಎಂದಳು ಅವಳು, ಹೆಲ್ಮೆಟ್ ಹಾಕಿಕೊಳ್ಳುತ್ತ. “ಕೊಡೆ ಹಿಡಿದು ಪಕ್ಕದಲ್ಲಿ ನಿಂತವರೂ ಅವರೇ.”